ಬಿಸಿಲಿಗಿಟ್ಟ ಕಾರ್ಡು

ಶ್ರೀಲಂಕಾಕ್ಕೆ ಹೊರಡುವ ಹಿಂದಿನ ವಾರ ಶಾಲುಬಾಯಿಯವರ ಹೊಸ ಕಾರ್ಡು ಹಲಬರ್ಗಾದ ಮನೆಯ ಮಾಳಿಗೆಯ ಮೇಲೆ, ಹಪ್ಪಳದ ಪಕ್ಕದಲ್ಲಿ, ಎರಡು ತಾಸು ಬಿಸಿಲು ಕಾಯಿಸಿತು. "ಸ್ವಲ್ಪ ಶಾಖ ತಗೊಂಡ್ರೆ ಡಾಲರ್ ಚೆನ್ನಾಗಿ ಕೂರುತ್ತೆ ಮೇಡಂ" ಎಂದು ಬೀದರಿನ ಬ್ಯಾಂಕಿನ ಹುಡುಗಿ ಫೋನಿನಲ್ಲಿ ಹೇಳಿದ್ದಳು. ಅದು ಹುಡುಗಿಯಲ್ಲ, ಭಾಲ್ಕಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ನಾದಿನಿಯ ಮಗ ಕೈಲಾಶ ಎಂದು ತಿಳಿದದ್ದು ಸಂಜೆ, ಅವನೇ ಬಂದು ಹಪ್ಪಳ ತಿನ್ನುತ್ತ ನಕ್ಕಾಗ.

"ಇನ್ನ ಮ್ಯಾಲ ಬ್ಯಾಂಕ್ ಅಂತ ಯಾರರೆ ಫೋನ್ ಮಾಡ್ಲಿ, ಚಪ್ಪಲಿಲೇ ಮಾತಾಡ್ತೇನಿ."

ಶಾಲುಬಾಯಿ ಮೂವತ್ತು ವರ್ಷ ಅಂಗನವಾಡಿ ನಡೆಸಿದವರು. ಹೇಳಿದ್ದನ್ನು ಮಾಡುತ್ತಿದ್ದರು.

ಪ್ರವಾಸದ ಖರ್ಚಿಗೆಂದು ಬ್ಯಾಂಕಿನವರು ಮೊದಲೇ ಡಾಲರ್ ತುಂಬಿಕೊಟ್ಟ ಕಾರ್ಡು ಅದು. ಅದರಿಂದ ಶಾಲುಬಾಯಿಗೆ ಆಗಬೇಕಿದ್ದ ಕೆಲಸ ಒಂದೇ: ಅನುರಾಧಪುರದ ಬೋಧಿವೃಕ್ಷದ ಎದುರು ಭಿಕ್ಷುಗಳಿಗೆ ಚೀವರ, ಅಂದರೆ ಅವರು ಉಡುವ ಕಾವಿಬಟ್ಟೆಯ ದಾನ. ಊರ ವಿಹಾರದ ಹೆಂಗಸರಿಗೆಲ್ಲ ಮಾತು ಕೊಟ್ಟು ಬಂದಿದ್ದರು.

ಪ್ರವಾಸದ ನಾಲ್ಕನೇ ದಿನ, ಶುಕ್ರವಾರ ಬೆಳಿಗ್ಗೆ, ಕೈಲಾಶನ ಅಂಗಡಿಗೆ ಬ್ಯಾಂಕಿನ ಹುಡುಗಿಯ ಫೋನು ಬಂತು, ಈ ಸಲ ನಿಜವಾದವಳು.

"ಶಾಲುಬಾಯಿ ಅವರ ಎರಡನೇ ನಂಬರ್ ಇದೇನಾ ಸರ್? ಅನುರಾಧಪುರದ ಬಟ್ಟೆ ಅಂಗಡಿಯಲ್ಲಿ ಅವರ ಕಾರ್ಡ್ ಉಜ್ಜಿದಾರೆ. ಅವರೇನಾ ಅಂತ ಕೇಳೋಕೆ ತಡೆದಿದ್ದೀವಿ. ಎರಡು ಸಲ ಫೋನ್ ಮಾಡಿದ್ವಿ, ಬೈದು ಇಟ್ರು."

"ಏನಂತ ಬೈದ್ರರಿ?"

ಹುಡುಗಿ ದನಿ ತಗ್ಗಿಸಿದಳು. "ಕೈಲಾಶ್ಯಾ, ಹಲ್ಲು ಮುರೀತೇನಿ, ಅಂದ್ರು ಸರ್."

ಹುಡುಗಿಯದು ಥೇಟ್ ತಾನು ಬ್ಯಾಂಕಿನವಳಾಗಿ ತೆಗೆದಿದ್ದ ದನಿ. ಕೈಲಾಶನಿಗೆ ಒಂದು ಕ್ಷಣ ಹೆಮ್ಮೆಯೇ ಆಯಿತು.

"ಹತ್ತು ನಿಮಿಷ ಬಿಟ್ಟು ಕೊನೇ ಸಲ ಮಾಡ್ತೀವಿ. ಎತ್ತದಿದ್ರೆ ಕಾರ್ಡ್ ಸೋಮವಾರದ ತನಕ ಬಂದ್."

ಪೂಜೆ ಅಂದೇ ಹನ್ನೊಂದಕ್ಕೆ. ಕೈಲಾಶ ಶ್ರೀಲಂಕಾಕ್ಕೆ ಫೋನು ಹಚ್ಚಿದ.

"ಅತ್ತಿ, ನಾ ಕೈಲಾಶ. ಬ್ಯಾಂಕಿನಾಕಿ ಖರೇನೇ..."

"ಈಗಷ್ಟೇ ಬ್ಯಾಂಕಿನಾಕಿ ಆಗಿದ್ದಿ, ಈಗ ಕೈಲಾಶ ಆದಿ? ಇಲ್ಲಿ ಕಾರ್ಡ್ ನಡೀವಲ್ದು, ಅಂಗಡಿಯಾಂವ ಚೀವರ ತಿರುಗಿ ಮಡಚಲಿಕತ್ತಾನ. ನಿನಗ ಚೇಷ್ಟಿ!"

ಕಟ್ಟಾಯಿತು. ಅತ್ತಿಯ ಜೊತೆ ಪ್ರವಾಸಕ್ಕೆ ಹೋಗಿದ್ದ ಔರಾದಿನ ಮಹಾಮಾಯಾಗೆ ಹಚ್ಚಿದ. "ನಿನ್ನ ಜೋಡಿ ಮಾತಾಡಬ್ಯಾಡ ಅಂತ ಹೇಳ್ಯಾರಪಾ," ಎಂದು ಅವರೂ ಇಟ್ಟರು.

ಶಾಲುಬಾಯಿಯ ಗಂಡ ಪಂಢರಿ ಸಂತೆಗೆ ಬಂದವರು ಅಂಗಡಿಯ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಫೋನಿನಲ್ಲಿ ಮಾತಾಡುವ ಮನುಷ್ಯನಲ್ಲ. ಕೈಲಾಶ ಮತ್ತೆ ಅತ್ತಿಗೆ ಹಚ್ಚಿ ಅವರ ಕಿವಿಗೆ ಹಿಡಿದ.

"ನಾನು," ಎಂದರು ಪಂಢರಿ. "ಬ್ಯಾಂಕಿನ ಫೋನ್ ಖರೇ ಅದ. ಎತ್ತು."

"ಮಾವನ ದನಿನೂ ಕಲ್ತ್ಯೇನಲೇ ಕೈಲಾಶ್ಯಾ? ಅವರು ಇಷ್ಟು ವರ್ಷದಾಗ ಒಮ್ಮಿ ನನಗ ಫೋನ್ ಮಾಡಿಲ್ಲ. ಖರೇನ ಅವರಿದ್ರ, ನಿನಗ ಗೊತ್ತಿಲ್ಲದ್ದು ಒಂದು ಹೇಳಲಿ."

ಪಂಢರಿ ಉಳಿದ ಚಹಾ ಕುಡಿದರು. ನಾಲ್ಕು ನಿಮಿಷ ಉಳಿದಿತ್ತು.

"ನಿನ್ನ ತವರಮನಿ ರೇಡಿಯೋ," ಎಂದರು.

"ಅದಕ್ಕೇನು?"

"ಬೆಕ್ಕು ಕೆಡವಿ ಒಡೀತಂತ, ಆ ಬೆಕ್ಕಿನ್ನ ಚೀಲದಾಗ ಹಾಕಿ ಜನವಾಡದಾಗ ಬಿಟ್ಟು ಬಂದೇವಲ್ಲ."

"ಹೂಂ."

"ಬೆಕ್ಕಲ್ಲ ಅದು. ನಂದೇ ಕೈ ಹತ್ತಿತ್ತು."

ಲಂಕಾದಿಂದ, ಫೋನು ಕಿವಿಯಿಂದ ದೂರ ಹಿಡಿಯುವಷ್ಟು ದನಿ ಬಂತು.

"ಬಸ್ಸಿನ್ಯಾಗ ಆ ಚೀಲ ತೊಡಿ ಮ್ಯಾಲ ಇಟ್ಕೊಂಡು ಕುಂತವರು ನೀವೇ ಅಲ್ರಿ!"

'ರಿ' ಕೇಳಿದ್ದೇ ಕೈಲಾಶ ಉಸಿರು ಬಿಟ್ಟ. ನಂಬಿದ್ದರು.

"ಬ್ಯಾಂಕಿನಾಕಿದು ಬರ್ಲಿಕತ್ತದ. ಎತ್ತತೇನಿ. ನೀವು ಮನ್ಯಾಗೇ ಇರ್ರಿ. ಬರ್ತೇನಿ."

ಮಧ್ಯಾಹ್ನ ಒಂದು ಫೋಟೋ ಬಂತು. ಸಾಲಾಗಿ ಕೂತ ಭಿಕ್ಷುಗಳು, ಅವರ ಮುಂದೆ ಚೀವರ ಹಿಡಿದು ಬಾಗಿದ ಶಾಲುಬಾಯಿ. ಮುಖದಲ್ಲಿ ಶಾಂತಿ ಇತ್ತು, ಆದರೆ ಪೂರ್ತಿ ಇರಲಿಲ್ಲ.

ಪಂಢರಿ ಅದನ್ನು ಬಹಳ ಹೊತ್ತು ನೋಡಿದರು.

"ವಿಮಾನ ಯಾವಾಗ ಬರ್ತದ?"

"ಆಯಿತವಾರ, ಮಾವ."

"ಬೆಕ್ಕು ಎಷ್ಟು ವರ್ಷ ಬದುಕ್ತದಲೇ?"

"ಹದಿನೈದು. ಯಾಕ?"

"ಜನವಾಡದ ಬಸ್ ಎಷ್ಟಕ್ಕದ ನೋಡು."