ಒಂದು ಹೊತ್ತಿನ ಸಾಹೇಬ

ಗೋಕಾಕದ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಮುಕ್ತಾರನದು ಗಾಡಿಗಳ ಸೀಟು ಹೊಲಿಯುವ ಅಂಗಡಿ. ನಲವತ್ತಾರು ವರ್ಷದ ಆತನನ್ನು ಲಾರಿ ಮಾಲಕರೂ ಕ್ಲೀನರುಗಳೂ ಒಂದೇ ದನಿಯಲ್ಲಿ ‘ಏ ಮುಕ್ತಾರ’ ಎಂದು ಕರೆಯುತ್ತಿದ್ದರು. ಅದರಲ್ಲಿ ಬೇಸರ ಪಡುವಂಥದ್ದೇನಾದರೂ ಇದೆಯೆಂದು ಅವನಿಗೆ ಯಾವತ್ತೂ ಅನ್ನಿಸಿರಲಿಲ್ಲ.

ಆ ಅಕ್ಟೋಬರಿನಲ್ಲಿ ಅವನು ಹರಾಜಿನಲ್ಲಿ ಸರಕಾರದ ಹಳೆಯ ಜೀಪೊಂದನ್ನು ಕೊಂಡ. ಬಿಳಿ ಬಣ್ಣ. ಬಾಗಿಲ ಮೇಲಿನ ಅಕ್ಷರಗಳನ್ನು ಕೆರೆದು ಅಳಿಸಿದ್ದರೂ ‘ಕರ್ನಾಟಕ ಸರ್ಕಾರ’ ಎಂಬುದು ಮಸುಕಾಗಿ ಓದಲು ಬರುತ್ತಿತ್ತು. ಸೀಟುಗಳಿಗೆ ತಾನೇ ಹೊಸ ಕವರು ಹೊಲಿದು ಹಾಕಿದ. ಹೆಂಡತಿ ನಾಜಿಯಾ ತಮ್ಮನ ಮಗಳ ನಿಶ್ಚಿತಾರ್ಥಕ್ಕೆಂದು ಮಕ್ಕಳನ್ನು ಕರೆದುಕೊಂಡು ಮೂಡಲಗಿಯ ತವರಿಗೆ ಹೋಗಿದ್ದಳು. ಹಿಡಕಲ್ ಜಲಾಶಯದ ಹಿನ್ನೀರನ್ನು ಗುಡ್ಡದ ಮೇಲಿನಿಂದ ನೋಡಬೇಕೆಂದು ಗಿರಾಕಿಗಳು ಹೇಳುವುದನ್ನು ಮುಕ್ತಾರ ವರ್ಷಗಟ್ಟಲೆ ಕೇಳಿದ್ದ. ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯದೆ ಒಬ್ಬನೇ ಹೊರಟ.

ಪಾಶ್ಚಾಪುರ ದಾಟಿ, ಜಲಾಶಯದ ಮಗ್ಗುಲಿನ ಗುಡ್ಡದ ದಾರಿ ಹತ್ತುವಾಗ ಇಂಜಿನ್ ಕಾಯಿತು. ಹತ್ತಿಪ್ಪತ್ತು ಮನೆಗಳ ವಸ್ತಿಯೊಂದರ ಬೇವಿನ ಮರದ ಕೆಳಗೆ ಜೀಪು ನಿಲ್ಲಿಸಿ, ನೀರು ಕೇಳೋಣವೆಂದು ಇಳಿದ. ಅಷ್ಟರಲ್ಲಿ ಮುದುಕಿಯೊಬ್ಬಳು ಸೆರಗು ಸರಿಮಾಡಿಕೊಳ್ಳುತ್ತ ಬೇಗಬೇಗ ಬಂದಳು. ಬಾಗಿಲ ಮೇಲಿನ ಅಕ್ಷರಗಳನ್ನೊಮ್ಮೆ, ಅವನ ಇಸ್ತ್ರಿ ಮಾಡಿದ ಅಂಗಿಯನ್ನೊಮ್ಮೆ ನೋಡಿದಳು.

“ಬರ್ರಿ ಸಾಹೇಬ್ರ. ಬಿಸಲಾಗ ಯಾಕ ನಿಂತೀರಿ? ಏ ಭಾಗ್ಯಾ, ಕುರ್ಚಿ ತಾ!”

ಮುದುಕಿಯ ಮೊಮ್ಮಗಳು, ಹದಿನೈದರ ಹುಡುಗಿ, ಪ್ಲಾಸ್ಟಿಕ್ ಕುರ್ಚಿ ತಂದು ಒರೆಸಿ ಇಟ್ಟಳು. ನಾನು ಸಾಹೇಬನಲ್ಲ ಎಂದು ಮುಕ್ತಾರ ಆಗಲೇ ಹೇಳಬಹುದಿತ್ತು. ಈ ಕಡೆ ಮುಸಲ್ಮಾನರನ್ನು ಸಾಹೇಬ ಎನ್ನುವುದುಂಟು, ಗುರುತು ಹಿಡಿದು ಹಾಗೆ ಕರೆದಿರಬೇಕು ಎಂದು ತನಗೆ ತಾನೇ ಹೇಳಿಕೊಂಡು ಕುಳಿತ.

ಜನ ಸೇರಿದರು. ಮುದುಕಿಯ ಹೆಸರು ಉದ್ದವ್ವ. ಅವಳೇ ಮಾತು ಶುರುಮಾಡಿದಳು.

“ಬಸ್ ನಿಂತು ಎರಡ ವರ್ಷಾತ್ರಿ. ಆಗ ರಸ್ತಾ ಕೆಟ್ಟೈತಿ ಅಂದ್ರು. ಈಗ ರಸ್ತಾ ಛಲೋ ಆಗೈತಿ, ಬಸ್ ಬರವಲ್ದು. ಹೈಸ್ಕೂಲಿಗೆ ಐದು ಕಿಲೋಮೀಟರ್ ನಡೀಬೇಕ್ರಿ. ಮೂರು ಹುಡುಗ್ಯಾರು ಸಾಲಿ ಬಿಟ್ರು. ಇಕಿ ಒಬ್ಬಾಕಿ ಹೊಂಟಾಳ.”

ಮುಕ್ತಾರ ಗಂಭೀರವಾಗಿ ತಲೆಯಾಡಿಸಿದ. ಒಳಗೆಲ್ಲೋ ಹಿತವಾಗುತ್ತಿತ್ತು. ಯಲ್ಲಾಲಿಂಗ ಎಂಬ ಗಟ್ಟಿಮುಟ್ಟಾದ ಗಂಡಸು ಜೀಪಿಗೆ ತಾನೇ ನೀರು ಹಾಕಿದ. ಉದ್ದವ್ವ ಬಿಸಿ ರೊಟ್ಟಿ, ಕೆಂಪು ಖಾರ, ಗಟ್ಟಿ ಮೊಸರು ತಂದಿಟ್ಟಳು. ತಿನ್ನುವ ಅವನ ಮುಂದೆ ಯಾರೂ ಕೂರಲಿಲ್ಲ, ನಿಂತೇ ಇದ್ದರು.

ಊಟವಾದ ಮೇಲೆ ಉದ್ದವ್ವ ಮಡಚಿದ ಹಾಳೆಗಳನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.

“ಭಾಗ್ಯಾನಽ ಬರದಾಳ್ರಿ. ಎಲ್ಲಾರದೂ ಸಹಿ, ಹೆಬ್ಬೆಟ್ಟು ಅದಾವು. ನೀವು ಮ್ಯಾಲಿನವ್ರಿಗೆ ಮುಟ್ಟಸ್ರಿ.”

“ಆತು, ನೋಡ್ತೀನಿ,” ಎಂದ ಮುಕ್ತಾರ.

“ಬಸ್ಸು ಯಾವಾಗ ಬರತೈತ್ರಿ?”

ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು. “ದೀಪಾವಳಿ ಒಳಗ,” ಎಂದುಬಿಟ್ಟ.

ಹೆಂಗಸರು ನಕ್ಕು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಭಾಗ್ಯಾ ಬಾಯಿಗೆ ಕೈ ಅಡ್ಡ ಹಿಡಿದಳು. ಹೊರಟಾಗ ಉದ್ದವ್ವ ಹಸಿ ಶೇಂಗಾದ ಚೀಲವೊಂದನ್ನು ಹಿಂದಿನ ಸೀಟಿನಲ್ಲಿಟ್ಟಳು.

ಅಲ್ಲಿಂದ ಎರಡೇ ತಿರುವು. ಗುಡ್ಡದ ನೆತ್ತಿಯ ಬಂಡೆಯ ಮೇಲೆ ನಿಂತಾಗ ಹಿನ್ನೀರು ಇಡಿಯಾಗಿ ಕಂಡಿತು. ಮಳೆಗಾಲದಲ್ಲಿ ತುಂಬಿ, ಗುಡ್ಡಗಳ ಸಂದುಸಂದಿನಲ್ಲಿ ನೀಲಿ ನೀರು ಕೈಚಾಚಿಕೊಂಡಿತ್ತು. ದೂರದಲ್ಲಿ ಮೀನುಗಾರನ ತೆಪ್ಪವೊಂದು ನಿಂತಲ್ಲೇ ನಿಂತಂತಿತ್ತು. ಗಿರಾಕಿಗಳು ಹೇಳಿದ್ದು ಸುಳ್ಳಲ್ಲ. ಮುಕ್ತಾರ ಹರುಷದಿಂದ ಕುಳಿತು, ಕೈಗೆ ಬಂದದ್ದನ್ನು ಓದೋಣವೆಂದು ಹಾಳೆ ಬಿಡಿಸಿದ.

ಗೆರೆ ಹಾಕಿಕೊಂಡು ಬರೆದ ದುಂಡನೆಯ ಅಕ್ಷರ. ‘ಮಾನ್ಯರೇ, ನಾನು ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದೇನೆ. ಸಂಜೆ ಬರುವಾಗ ಕತ್ತಲಾಗುತ್ತದೆ. ಆದ್ದರಿಂದ ಅಜ್ಜಿ ಅರ್ಧ ದಾರಿ ಎದುರು ಬರುತ್ತಾಳೆ. ಅವಳಿಗೆ ಮೊಣಕಾಲು ನೋವಿದೆ.’ ಮುಂದಿನ ಎರಡು ಹಾಳೆ ತುಂಬ ಸಹಿಗಳು, ನೀಲಿ ಹೆಬ್ಬೆಟ್ಟುಗಳು. ಝೆರಾಕ್ಸ್ ಅಲ್ಲ. ಇದ್ದದ್ದು ಇದೊಂದೇ ಪ್ರತಿ.

ಅವನ ಕಿವಿಗಳು ಬಿಸಿಯಾದವು. ಸುತ್ತ ಯಾರೂ ಇರಲಿಲ್ಲ, ಆದರೂ ಯಾರೋ ನೋಡುತ್ತಿದ್ದಾರೆ ಎನ್ನಿಸಿ ಎದ್ದುನಿಂತ. ಮತ್ತೆ ನೀರಿನ ಕಡೆ ನೋಡಲು ಆಗಲಿಲ್ಲ. ವಸ್ತಿಯ ಮುಂದೆ ಹಾಯಲು ಧೈರ್ಯ ಸಾಲದೆ, ಆ ಕಡೆಯ ಕಚ್ಚಾ ದಾರಿ ಹಿಡಿದು ಗುಡ್ಡ ಇಳಿದುಬಿಟ್ಟ.

ಗೋಕಾಕ ಫಾಲ್ಸ್‌ವರೆಗೆ ತನ್ನ ಜೊತೆ ತಾನೇ ವಾದ ಮಾಡುತ್ತ ಬಂದ. ಅರ್ಜಿಯನ್ನು ಟಪಾಲಿಗೆ ಹಾಕಿದರಾಯಿತು. ಸಾಹೇಬ ಎಂದು ಕರೆದದ್ದು ಅವರು, ತಾನು ಸಾಹೇಬನೆಂದು ಬಾಯಿಬಿಟ್ಟು ಹೇಳಿಲ್ಲ. ಅಲ್ಲಿನ ಹೋಟೆಲಿನಲ್ಲಿ ಚಹಾ ತರಿಸಿದ; ಒಂದು ಗುಟುಕೂ ಇಳಿಯಲಿಲ್ಲ. ದೀಪಾವಳಿಗೆ ಇನ್ನು ಹನ್ನೆರಡು ದಿನ. ದಿನವೂ ಆ ಹುಡುಗಿ ಬೇವಿನ ಮರದ ಕೆಳಗೆ ನಿಂತು ನೋಡುತ್ತಾಳೆ. ಬಸ್ಸು ಬರದಿದ್ದರೆ ಸರಕಾರವನ್ನು ಬಯ್ಯುತ್ತಾರೆ, ತನ್ನನ್ನಲ್ಲ. ಅದನ್ನು ನೆನೆದಾಗ ತುಸು ಹಗುರವೆನಿಸಿತು. ಹಗುರವೆನಿಸಿದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಚಹಾ ಅಲ್ಲೇ ಬಿಟ್ಟು ಜೀಪು ತಿರುಗಿಸಿದ.

ವಸ್ತಿ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಜೀಪು ಕಂಡು ಜನ ಓಡಿಬಂದರು. ಭಾಗ್ಯಾ ಮತ್ತೆ ಕುರ್ಚಿ ತಂದಳು.

“ಬ್ಯಾಡವಾ, ಕುರ್ಚಿ ಬ್ಯಾಡ,” ಎಂದ ಮುಕ್ತಾರ. “ನಾ ಸಾಹೇಬ ಅಲ್ರಿ. ಗೋಕಾಕದಾಗ ಸೀಟ್ ಹೊಲಿಯಾಂವ. ಜೀಪ್ ಹರಾಜಿನ್ಯಾಗ ತಗೊಂಡೀನಿ. ದೀಪಾವಳಿ ಅಂದದ್ದು ಸುಳ್ಳರಿ. ತಪ್ಪಾಗೈತಿ.”

ಯಲ್ಲಾಲಿಂಗ ಮುಂದೆ ಬಂದು ಅವನ ಅಂಗಿಯ ಕೊರಳಪಟ್ಟಿ ಹಿಡಿದ. “ಮಗನಽ, ಮುದುಕಿ ಕೈಯಾಗ ರೊಟ್ಟಿ ತಿಂದು…”

“ಬಿಡೋ ಯಲ್ಲಾಲಿಂಗ,” ಎಂದಳು ಉದ್ದವ್ವ. “ಅಂವ ಹೇಳಲಿಲ್ಲ, ನಾವು ಕೇಳಲಿಲ್ಲ. ನಾನಽ ಹುಚ್ಚಿ, ಜೀಪ್ ನೋಡಿ ಓಡಿ ಹೋದೆ.”

ಒಂದು ಏಟು ಬಿದ್ದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಗುಂಪಿನ ಹಿಂದಿನಿಂದ ಯಾರೋ ಉದ್ದವ್ವನನ್ನು ನೋಡಿ ಕಿಸಕ್ಕನೆ ನಕ್ಕರು. ಅವಳು ಅದನ್ನು ಕೇಳಿಸಿಕೊಂಡಳು, ತಲೆ ತಗ್ಗಿಸಿದಳು. ಆ ನಗೆಯನ್ನು ತಂದವನು ತಾನೇ ಎಂಬುದು ಮುಕ್ತಾರನಿಗೆ ತಿಳಿಯಿತು.

“ನಾಳೆ ನಾನಽ ಒಯ್ದು ಕೊಡ್ತೀನಿ ಬೇ. ಖರೆ ಹೇಳ್ತೀನಿ.”

ಉದ್ದವ್ವ ಕೈ ಚಾಚಿ ಹಾಳೆಗಳನ್ನು ಇಸಿದುಕೊಂಡಳು. “ನಿನ್ನ ಕೈಯಾಗ ಇನ್ನ ಕೊಡಾಂಗಿಲ್ಲಪ್ಪಾ.”

ಆಗ ಭಾಗ್ಯಾ ಮೆಲ್ಲಗೆ ಕೇಳಿದಳು: “ಜೀಪಿನ್ಯಾಗ ನಮ್ಮನ್ನಽ ಕರ್ಕೊಂಡು ಹೋಗ್ತೀರೇನ್ರಿ?”

ಮರುದಿನ ಏಳಕ್ಕೇ ಮುಕ್ತಾರ ವಸ್ತಿಯಲ್ಲಿದ್ದ. ಉದ್ದವ್ವ, ಭಾಗ್ಯಾ, ಯಲ್ಲಾಲಿಂಗ ಮತ್ತು ಇನ್ನಿಬ್ಬರು ಹೆಂಗಸರನ್ನು ಕೂರಿಸಿಕೊಂಡು ಹುಕ್ಕೇರಿಗೆ ಹೋದ. ಮೂರು ಕಚೇರಿಗಳಿಗೆ ಅಲೆದರು. ಮುಕ್ತಾರ ಪ್ರತಿಸಲವೂ ಹೊರಗೆ ನಿಂತ. ಸಾಯಂಕಾಲ ಒಬ್ಬ ಗುಮಾಸ್ತ ಅರ್ಜಿಯ ಝೆರಾಕ್ಸ್ ಮಾಡಿಸಿದ ಪ್ರತಿಯ ಮೇಲೆ ಠಸ್ಸೆ ಒತ್ತಿಕೊಟ್ಟು, “ನೋಡೂಣು” ಎಂದನಂತೆ. ದಾರಿಯುದ್ದಕ್ಕೂ ಉದ್ದವ್ವ ಅವನೊಂದಿಗೆ ಮಾತಾಡಲಿಲ್ಲ. ಇಳಿಯುವ ಮುಂಚೆ ಭಾಗ್ಯಾ ಅವನ ಫೋನ್ ನಂಬರು ಕೇಳಿ ಬರೆದುಕೊಂಡಳು. ಇಳಿಯುವಾಗ ಅವನು ಉದ್ದವ್ವನಿಗೆ ಮತ್ತೊಮ್ಮೆ ಕೈ ಮುಗಿದ.

“ಹೋಗಪ್ಪಾ, ಹೊತ್ತಾತು,” ಎಂದಷ್ಟೇ ಹೇಳಿ ಮನೆಯೊಳಗೆ ಹೋದಳು.

ದೀಪಾವಳಿಗೆ ಬಸ್ಸು ಬರಲಿಲ್ಲ. ಆ ವಾರ ಮುಕ್ತಾರ ಕತ್ತರಿಸಿದ್ದನ್ನೇ ಮತ್ತೆ ಕತ್ತರಿಸಿ ರೆಕ್ಸಿನ್ ಹಾಳು ಮಾಡಿದ. ಏನಾಗಿದೆಯೆಂದು ನಾಜಿಯಾ ಕೇಳಿದರೆ ಹೇಳಲಿಲ್ಲ. ಜನವರಿ ಕೊನೆಗೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

“ನಾನ್ರಿ, ಭಾಗ್ಯಾ. ಮುಂಜಾನಿ ಒಂದು ಬಸ್ ಚಾಲೂ ಆಗೈತ್ರಿ. ಸಂಜಿದು ಇನ್ನೂ ಇಲ್ಲ.”

ಮುಕ್ತಾರ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟು ಕೇಳಿದ: “ನಿಮ್ಮ ಅಜ್ಜಿ ಹೇಳು ಅಂದಳೇನವಾ?”

“ಇಲ್ರಿ,” ಎಂದಳು ಹುಡುಗಿ. “ನಾನಽ ಮಾಡೀನಿ.”