ನಗಬೇಡ ಅಂದವರು

ಹಾಸಿಗೆ ಅಂಗಡಿಯಲ್ಲಿ ದಿನವಿಡೀ ಹತ್ತಿ ತುಂಬಿ, ಹೊಲಿದು, ತಲೆಗೂದಲಿಗೆಲ್ಲ ಹತ್ತಿಯ ಎಳೆ ಮೆತ್ತಿಸಿಕೊಂಡು ಅವಳು ಓಣಿಗೆ ಕಾಲಿಟ್ಟಾಗ, ತನ್ನ ಮನೆಯ ಮುಂದೆಯೇ ಜನ ನೆರೆದಿದ್ದುದು ಕಾಣಿಸಿತು. ಹೆಜ್ಜೆ ಬಿರುಸಾಯಿತು. ಹಿಟ್ಟಿನ ಗಿರಣಿಯ ಹಿಂದಿನ ಆ ಓಣಿಯಲ್ಲಿ ಜನ ಗುಂಪು ಕೂಡುತ್ತಿದ್ದುದು ಜಗಳಕ್ಕೆ, ಇಲ್ಲವೇ ಸಾವಿಗೆ.

ನುಗ್ಗಿಕೊಂಡು ಮುಂದೆ ಹೋದರೆ ಹೊಸ್ತಿಲ ಮೇಲೆ ಮಗಳು ಗುಬ್ಬಿ ಕೂತಿದ್ದಳು. ಬೆಳಿಗ್ಗೆ ಬಿಗಿಯಾಗಿ ಹೆಣೆದಿದ್ದ ಜಡೆ ಬಿಚ್ಚಿ ಹರಡಿತ್ತು. ಮೈಮೇಲೆ, ನೆಲ ಒರೆಸಲೆಂದು ಎತ್ತಿಟ್ಟಿದ್ದ ಹರಕು ಫ್ರಾಕು. ಎದುರಿಗೆ ಮಂಡಿಯೂರಿ, ಕಣ್ಣಿಗೆ ಕ್ಯಾಮೆರಾ ಒತ್ತಿಕೊಂಡ ಯಾರೋ ಹೆಂಗಸು.

"ಏಯ್, ಯಾರು ನೀವು? ನನ್ನ ಮಗಳಿಗೆ ಇದೇನು ವೇಷ ಹಾಕಿಸಿದ್ದೀರಿ?"

ಫೋಟೋದವಳು ತಡಬಡಿಸಿ ಎದ್ದಳು. ಮನೆಗಳಿಗೆ ಚರಂಡಿ ನೀರು ನುಗ್ಗುತ್ತದೆಂದು ಕೇಳಿ ಬಂದೆ, ಪತ್ರಿಕೆಗೆ ಚಿತ್ರ ಕೊಡುತ್ತೇನೆ ಎಂದಳು. "ನಾನು ಏನನ್ನೂ ಮುಟ್ಟಿಲ್ಲಮ್ಮ. ಬಂದಾಗಲೇ ಮಗು ಹೀಗಿತ್ತು. ಇದ್ದದ್ದನ್ನ ಇದ್ದ ಹಾಗೆ ತೆಗೆಯೋದಷ್ಟೇ ನನ್ನ ಕೆಲಸ."

ಮಾತು ಮೆದುವಾಗಿತ್ತು. ಅದಕ್ಕೇ ಅವಳ ಅನುಮಾನ ಇನ್ನಷ್ಟು ಬಲಿಯಿತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದನ್ನು ಅವಳು ಕಲಿತದ್ದೇ ಇಂಥ ಮೆದು ಮಾತಿನವರಿಂದ. ಹಿಂದೊಮ್ಮೆ ಹೀಗೇ ಒಬ್ಬ ಬಂದು ಪಕ್ಕದ ಮನೆಯ ಮುದುಕನ ಚಿತ್ರ ತೆಗೆದುಕೊಂಡು ಹೋಗಿದ್ದ. ಚುನಾವಣೆ ಬರುತ್ತಲೂ ಆ ಮುಖ ಊರ ಗೋಡೆಗಳಿಗೆಲ್ಲ ಅಂಟಿಕೊಂಡಿತು. ಒಂದು ಪಕ್ಷದವರು ಅದರ ಕೆಳಗೆ 'ಇವರನ್ನು ಅಳಿಸಿದವರು ಯಾರು?' ಎಂದು ಬರೆದರು. ಇನ್ನೊಂದು ಪಕ್ಷದವರು ಅದೇ ಮುಖದ ಕೆಳಗೆ 'ಈ ಕಣ್ಣೀರು ಒರೆಸಿದವರು ನಾವು' ಎಂದರು. ಮುದುಕ ಪಾಪ, ಅವತ್ತು ಈರುಳ್ಳಿ ಹೆಚ್ಚುತ್ತಿದ್ದ.

ಅವಳು ಒಳಗೆ ಇಣುಕಿದಳು. ಕಿಟಕಿಯ ಪರದೆ ಇಲ್ಲ. ಮೂಲೆಯ ಟೇಬಲ್ ಫ್ಯಾನಿಲ್ಲ. ಗೋಡೆಯ ಗಡಿಯಾರವೂ ಇಲ್ಲ.

"ಏನೂ ಮುಟ್ಟಿಲ್ವಾ? ಮತ್ತೆ ನನ್ನ ಮನೆ ಬೋಳಾಗಿದ್ದು ಹೇಗೆ?"

"ಅವಳನ್ನ ಯಾಕೆ ಬೈತೀಯ?" ಬಾಗಿಲ ಹಿಂದಿನಿಂದ ಅತ್ತೆಯ ದನಿ ಬಂತು. "ನಾನೇ ಎಲ್ಲಾ ಎತ್ತಿ ಮಂಚದ ಕೆಳಗೆ ತಳ್ಳಿದೆ. ಅಳದಿದ್ರೆ ಹೆತ್ತ ತಾಯಿನೂ ಹಾಲು ಕೊಡಲ್ಲ ಕಣೇ. ಫ್ಯಾನ್ ಮುಂದೆ ಕೂತು ಹಲ್ಲು ಕಿರಿದ್ರೆ ನಮ್ಮ ಚರಂಡಿ ಯಾರು ಸರಿ ಮಾಡ್ತಾರೆ?"

"ಅಜ್ಜಿ ನಗಬೇಡ ಅಂದ್ರು," ಎಂದಳು ಗುಬ್ಬಿ ಜಂಭದಿಂದ. "ನಾನು ನಗಲೇ ಇಲ್ಲ, ಗೊತ್ತಾ?"

ಯಾರೋ ಕಪಾಳಕ್ಕೆ ಬಿಗಿದ ಹಾಗಾಯಿತು ಅವಳಿಗೆ. ಹೊರಗಿನವಳ ಮೇಲೆ ಹರಿಹಾಯ್ದು ಬಂದರೆ, ಕಳ್ಳತನ ಮನೆಯೊಳಗೇ ಇತ್ತು. ಆದರೂ ಅನುಮಾನ ಪೂರ್ತಿ ಇಳಿಯಲಿಲ್ಲ. ಮಸಿ ಹಿಡಿದ ಗೋಡೆಯ ನಡುವೆ ಗಡಿಯಾರ ಇದ್ದಷ್ಟು ಜಾಗ ಬೆಳ್ಳಗೆ ಹೊಳೆಯುತ್ತಿತ್ತು. ಅವಳು ಅದನ್ನು ತೋರಿಸಿದಳು.

"ಇದು ನಿಮ್ಮ ಕಣ್ಣಿಗೆ ಬೀಳಲಿಲ್ವಾ?"

ಫೋಟೋದವಳು ತಲೆ ತಗ್ಗಿಸಿದಳು. "ಬಿತ್ತು."

"ಮತ್ತೆ?"

"ಕೇಳಲಿಲ್ಲ. ಕೇಳಿದ್ರೆ ಚಿತ್ರ ಹೋಗ್ತಿತ್ತು." ಗುಬ್ಬಿಯ ಬಿಚ್ಚಿದ ಜಡೆಯತ್ತ ನೋಡಿದಳು. "ಜಡೆ ಹಾಕಿದ ಮಗು ನಗ್ತಾ ನಿಂತಿರೋ ಚಿತ್ರ ಕೊಟ್ಟರೆ ಯಾರೂ ನಿಂತು ನೋಡಲ್ಲಮ್ಮ. ನಾನು ಎಷ್ಟೋ ಸಲ ಕೊಟ್ಟು ನೋಡಿದ್ದೀನಿ. ಚರಂಡಿ ನೀರು ನಿಜ ತಾನೇ? ಆ ನಿಜ ನಾಲ್ಕು ಜನಕ್ಕೆ ಮುಟ್ಟಲಿ ಅಂತ..."

"ಅದೇ ನಾನೂ ಹೇಳಿದ್ದು," ಎಂದರು ಅತ್ತೆ.

"ನಿಜಕ್ಕೆ ಸುಳ್ಳಿನ ಊರುಗೋಲು ಯಾಕತ್ತೆ? ನಾಳೆ ಯಾರಾದ್ರೂ ಬಂದು ಮಂಚದ ಕೆಳಗೆ ಬಗ್ಗಿ ನೋಡ್ಲಿ. ಇವರದೆಲ್ಲ ನಾಟಕ ಅಂತಾರೆ. ಆಗ ಈ ಕೊಳೆ ನೀರಿಂದ ಗುಬ್ಬಿಗೆ ಬಂದಿದ್ದ ಜ್ವರಾನೂ ನಾಟಕ ಆಗುತ್ತೆ."

ಫೋಟೋದವಳು ಕ್ಯಾಮೆರಾ ತಿರುಗಿಸಿ ಅವಳ ಕೈಗೆ ಕೊಟ್ಟಳು. "ಬೇಡ ಅಂದ್ರೆ ನೀವೇ ಅಳಿಸಿ. ಈ ಗುಂಡಿ ಒತ್ತಬೇಕು."

ಅವಳು ನೋಡಿದಳು. ಪುಟ್ಟ ಪರದೆಯೊಳಗೆ ದಿಕ್ಕಿಲ್ಲದ ಮಗುವೊಂದು ಕತ್ತಲ ಬಾಗಿಲಲ್ಲಿ ಕೂತು ನೆಟ್ಟ ನೋಟ ನೋಡುತ್ತಿತ್ತು. ಕಣ್ಣು ಮಂಜಾಯಿತು. ಅಯ್ಯೋ, ಯಾರ ಮಗುವೋ, ಎನ್ನಿಸಿಬಿಟ್ಟಿತು. ಆ ಮಗು ಪಕ್ಕದಲ್ಲೇ ನಿಂತು ಕಟುಂಕಟುಂ ಎಂದು ಬಿಸ್ಕತ್ತು ಕಡಿಯುತ್ತಿತ್ತು. ಎಲ್ಲ ಗೊತ್ತಿದ್ದ ತನ್ನ ಕಣ್ಣಲ್ಲೇ ನೀರು ತರಿಸಿದ ಆ ಚಿತ್ರದ ಬಗ್ಗೆ ಅವಳಿಗೆ ಭಯವಾಯಿತು. ಗುಂಡಿ ಒತ್ತಿದಳು.

ಆಮೇಲೆ ಫ್ಯಾನು, ಪರದೆ, ಗಡಿಯಾರ ಎಲ್ಲ ಈಚೆಗೆ ಬಂದವು. ಅವಳು ಗುಬ್ಬಿಯ ಜಡೆ ಹೆಣೆದಳು. ಬಾಗಿಲ ಮೆಟ್ಟಿಲಿಗೆ ನಾರುವ ಕಪ್ಪು ನೀರು ತಾಗುತ್ತಿರುವಂತೆ, ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಅದು ಬಿಟ್ಟುಹೋದ ಕಲೆ ಕಾಣುವಂತೆ ಮೂವರೂ ನಿಂತರು. "ನಗಬಹುದಾ?" ಎಂದು ಕೇಳಿದಳು ಗುಬ್ಬಿ. "ನಿನ್ನಿಷ್ಟ," ಎಂದಳು ಫೋಟೋದವಳು. "ಇದನ್ನ ಹಾಕ್ತಾರೋ ಇಲ್ವೋ, ನಾನು ಮಾತು ಕೊಡಲ್ಲ."

ಆ ಓಣಿಗೆ ಬಂದವರಲ್ಲಿ ಮಾತು ಕೊಡದೆ ಹೋದ ಮೊದಲನೆಯವಳು ಅವಳೇ.

ಚಿತ್ರ ಬಂತು, ಒಳಪುಟದ ಮೂಲೆಯಲ್ಲಿ, ಅಂಗೈಯಗಲ. ಯಾರೂ ಬರಲಿಲ್ಲ. "ನಿನ್ನ ನಿಜಾನ ಉಪ್ಪು ಹಾಕ್ಕೊಂಡು ನೆಕ್ಕೋಣ," ಎಂದು ಅತ್ತೆ ಗೊಣಗಿದರು. ಅವಳು ಮರುಮಾತಾಡದೆ ಆ ತುಂಡು ಕತ್ತರಿಸಿಕೊಂಡು, ಓಣಿಯ ಹೆಂಗಸರನ್ನು ಕಟ್ಟಿಕೊಂಡು ಪುರಸಭೆಯ ಕಚೇರಿಗೆ ಹೋದಳು. ಮತ್ತೆ ಹೋದಳು. ಅವರ ಕಾಟ ತಾಳಲಾರದೆ ಕೊನೆಗೆ ಒಬ್ಬ ಅಧಿಕಾರಿ ಮೂಗಿಗೆ ಕರವಸ್ತ್ರ ಹಿಡಿದು ಬಂದ. ಅವನ ಕಣ್ಣು ಮೊದಲು ಹೋದದ್ದು ಮನೆಯೊಳಗೆ.

"ಫ್ಯಾನು, ಗಡಿಯಾರ, ಪರದೆ! ಚೆನ್ನಾಗೇ ಇದೆಯಲ್ಲಮ್ಮ ಮನೆ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಮುಂದೆ ಬಂದು ನಿಂತರು.

"ಹೌದು ಸ್ವಾಮಿ, ಚೆನ್ನಾಗಿದೆ. ಮನೆ ನಮ್ಮದು, ಚೆನ್ನಾಗಿ ಇಟ್ಕೊಂಡಿದ್ದೀವಿ. ಚರಂಡಿ ನಿಮ್ಮದು. ಬನ್ನಿ, ಅದನ್ನ ನೋಡೋಣ."