ಎದೆ ಎತ್ತಿದ ನಮಸ್ಕಾರ

ಹೆಣ್ಣು ನೋಡಲು ಹೋಗುವ ಗಂಡಿಗೆ ನಮ್ಮ ಕಡೆ ಬೇರೇನೂ ಬರದಿದ್ದರೂ ನಡೆದೀತು, ಬಗ್ಗಲು ಮಾತ್ರ ಬರಬೇಕು. ರಿಪ್ಪನ್‌ಪೇಟೆಯಲ್ಲಿ ಗೊಬ್ಬರದಂಗಡಿ ಇಟ್ಟಿದ್ದ ಮಂಜುನಾಥ ಸೋತದ್ದೇ ಅಲ್ಲಿ. ಹೋದ ವರ್ಷ ಹೊಸನಗರದ ಒಂದು ಮನೆಯಲ್ಲಿ ಹುಡುಗಿಯ ಅಜ್ಜನ ಕಾಲಿಗೆ ಬಿದ್ದವನು ಮೇಲೇಳಲೇ ಇಲ್ಲ. ಎಂಥ ಭಕ್ತಿ ಎಂದು ಅಜ್ಜನ ಕಣ್ಣಲ್ಲಿ ನೀರು! ಭಕ್ತಿಯಲ್ಲ, ಸೊಂಟ ಹಿಡಿದಿದೆ ಎಂದು ತಿಳಿದದ್ದು ನಾಲ್ಕು ಜನ ಎತ್ತಿ ಕಾರಿಗೆ ಹಾಕುವಾಗ. ಸಂಬಂಧ ಅಲ್ಲಿಗೇ ಮುರಿಯಿತು. ಸೊಂಟ ಬಿದ್ದ ಗಂಡು ಎಂಬ ಬಿರುದು ಪುಕ್ಕಟೆ ಸಿಕ್ಕಿತು.

ನೋವು ಇಳಿದ ಮೇಲೆ ಬೆನ್ನು, ಕಾಲು ಗಟ್ಟಿ ಮಾಡಿಕೊಳ್ಳಿ ಎಂದರು ಡಾಕ್ಟರು. ಸಾಗರದ ಜಿಮ್ಮಿಗೆ ಸೇರಿದರೆ ಅಲ್ಲಿನ ಟ್ರೈನರ್ ಲಿಖಿತ್ ಮೊದಲು ಬಸ್ಕಿ ಹೊಡೆಯಿರಿ ಎನ್ನಬೇಕೆ? ಮಗ್ಗಿ ಬರದೆ ಶಾಲೆಯಲ್ಲಿ ಪುಕ್ಕಟೆ ಹೊಡೆದ ಬಸ್ಕಿಯನ್ನು ಈಗ ಫೀಸು ಕೊಟ್ಟು ಹೊಡೆಯುವ ಯೋಗ!

“ಅಣ್ಣಾ, ಹಿಂದೆ ಒಂದು ಕುರ್ಚಿ ಇಟ್ಕೊಳ್ಳಿ. ಕಾಲು ಭುಜದಷ್ಟು ಅಗಲ. ಮೊದ್ಲು ಸೊಂಟ ಹಿಂದಕ್ಕೆ ಹೋಗ್ಲಿ. ಮಂಡಿ ಒಳಗೆ ವಾಲಬಾರ್ದು, ಹಿಮ್ಮಡಿ ಏಳಬಾರ್ದು. ಎದೆ ಎತ್ತಿ, ಮುಂದೆ ನೋಡಿ. ನೋವಾದ್ರೆ ನಿಲ್ಸಿ, ಶೂರತ್ವ ಬೇಡ” ಎಂದ ಲಿಖಿತ್.

ಮಂಜುನಾಥ ಅದನ್ನು ಮಂತ್ರದಂತೆ ಹಿಡಿದ. ಅಂಗಡಿಗೆ ಬಂದವರು ಯೂರಿಯಾ ಉಂಟಾ ಎಂದು ಕೂಗಿದರೆ ಗಲ್ಲಾದ ಹಿಂದಿನಿಂದ ನಿಧಾನವಾಗಿ ಮೇಲೆದ್ದು, ಉಸಿರು ಬಿಟ್ಟು, ಉಂಟು ಎನ್ನುತ್ತಿದ್ದ.

ಅಷ್ಟರಲ್ಲಿ ತೀರ್ಥಹಳ್ಳಿ ಕಡೆಯ ಯಶಸ್ವಿನಿಯ ಸಂಬಂಧ ಬಂತು. ಇಬ್ಬರೂ ಫೋನಿನಲ್ಲಿ ಬೇಕಾದಷ್ಟು ಮಾತಾಡಿದ್ದರು. ಮದುವೆಯಾದರೆ ಇವಳನ್ನೇ ಎನ್ನುವಷ್ಟು ಅವಳು ಅವನಿಗೆ ಹಿಡಿಸಿದ್ದಳು. ಅವಳೂ ಒಪ್ಪಿದ್ದಳು. ಆದರೆ ಮದುವೆಯಾಗುವವಳು ಒಪ್ಪಿದರೆ ಏನು ಬಂತು? ಆ ಮನೆಯಲ್ಲಿ ಒಪ್ಪಬೇಕಾದವರು ಅಜ್ಜಿ ವರದಮ್ಮ.

“ಬೆನ್ನಿನ ಸುದ್ದಿ ಎತ್ತಿದ್ರೆ ನೋಡು ಮತ್ತೆ” ಎಂದು ದಾರಿಯುದ್ದಕ್ಕೂ ಹೆದರಿಸಿದ್ದರು ತಾಯಿ ತುಂಗಮ್ಮ.

ಹುಡುಗಿಯ ಮನೆ ತಲುಪಿದಾಗ ವರದಮ್ಮ ನಡುಮನೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದರು. ಮಂಜುನಾಥ ಎದುರು ನಿಂತ. ಕಾಲು ಅಗಲಿಸಿದ, ಸೊಂಟ ಹಿಂದಕ್ಕೆ ತಳ್ಳಿದ, ಎದೆ ಎತ್ತಿಕೊಂಡೇ ಕೆಳಗಿಳಿದು ಅಜ್ಜಿಯ ಪಾದ ಮುಟ್ಟಿದ. ಕಣ್ಣು ಮಾತ್ರ ನೆಟ್ಟಗೆ ಅಜ್ಜಿಯ ಮುಖದ ಮೇಲೆ. ಲಿಖಿತ್ ಇದ್ದಿದ್ದರೆ ಚಪ್ಪಾಳೆ ಹೊಡೆಯುತ್ತಿದ್ದ.

“ಎಂತದೋ ಇದು?” ವರದಮ್ಮ ಕಾಲು ಎಳೆದುಕೊಂಡರು. “ಕಕ್ಕಸಿಗೆ ಕೂತಂಗೆ ಕೂತು ಮುಖ ನೋಡ್ತಾನಲ್ಲ!”

ವರದಮ್ಮನ ಹಿರಿಮಗ ಹೂವಯ್ಯ ಮೀಸೆಯ ಮೇಲೆ ಕೈಯಾಡಿಸಿದರು. “ತಲೆ ಬಗ್ಸೋಕೆ ದೊಡ್ಡಸ್ತಿಕೆ ಅಡ್ಡ ಬಂತಾ? ಸರಿಯಾಗಿ ಬಗ್ಗಪ್ಪ. ಒಂದ್ಸಲ ಬಗ್ಗಿದ್ರೆ ಬೆನ್ನೇನು ಮುರಿದು ಹೋಗ್ತದಾ?”

ಪಾಪ, ಅವರು ತಮಾಷೆಗೆ ಕೇಳಿದ್ದು. ಮಂಜುನಾಥ ಕುಕ್ಕರಗಾಲಿನಲ್ಲೇ ಲೆಕ್ಕ ಹಾಕಿದ. ಬಗ್ಗಿ ಸೊಂಟ ಹಿಡಿದರೆ ಹುಡುಗಿ ಹೋದಳು, ಬಗ್ಗದಿದ್ದರೂ ಹೋದಳು. ತಾಯಿ ಬಗ್ಗೋ ಎಂದು ಕಣ್ಣಲ್ಲೇ ಗದರುತ್ತಿದ್ದರು. ಬಾಗಿಲಲ್ಲಿ ಯಶಸ್ವಿನಿ ಕಾಫಿ ತಟ್ಟೆ ಹಿಡಿದು ಬಿಳಿಚಿಕೊಂಡಿದ್ದಳು. ಅವಳ ಮುಖ ನೋಡಿದ ಮೇಲೆ ಅವನಿಗೆ ಮುಚ್ಚಿಟ್ಟದ್ದು ಸಾಕೆನಿಸಿತು.

“ದೊಡ್ಡಸ್ತಿಕೆ ಅಲ್ಲ ಅಜ್ಜಿ. ಹೋದ ವರ್ಷ ಸೊಂಟ ಹಿಡಿದಿತ್ತು. ಬೆನ್ನು ಬಗ್ಸೋಕೆ ಈಗ್ಲೂ ಹೆದರಿಕೆ. ಹಿಂಗೆ ಕೂತ್ರೆ ಆರಾಮಾಗಿ ಏಳ್ತೀನಿ.”

ತುಂಗಮ್ಮ ಕಣ್ಣು ಮುಚ್ಚಿಕೊಂಡರು. ಹೂವಯ್ಯ ಹೆಗಲ ಮೇಲಿನ ಟವೆಲ್ ಕೊಡವಿದರು, ಮಾತು ಮುಗಿಯಿತು ಎನ್ನುವಂತೆ.

“ತಡಿಯೋ” ಎಂದರು ವರದಮ್ಮ. “ಏಳು ನೋಡಾಣ. ಕೈ ಊರಬಾರ್ದು.”

ಎದ್ದ. ಮತ್ತೆ ಕೂರಿಸಿದರು, ಮತ್ತೆ ಎಬ್ಬಿಸಿದರು. ಆ ಮನೆಯಲ್ಲಿ ಅಜ್ಜಿಯನ್ನು ಎಬ್ಬಿಸುವುದೆಂದರೆ ಮಗನೊಂದು ರಟ್ಟೆ, ಸೊಸೆಯೊಂದು ರಟ್ಟೆ ಹಿಡಿದು ಜಗ್ಗುವುದು. ಅದಕ್ಕೆ ಅವರು ಇಟ್ಟ ಹೆಸರು ಸೇವೆ.

“ನಂಗೂ ಬರ್ತದಾ?” ಅಜ್ಜಿಯ ದನಿ ಸಣ್ಣಗಾಗಿತ್ತು.

ಮಂಜುನಾಥ ಪಕ್ಕಕ್ಕೆ ಹೋಗಿ ನಿಂತ. “ಕುರ್ಚಿ ತುದಿಗೆ ಬನ್ನಿ ಅಜ್ಜಿ. ಪಾದ ಸ್ವಲ್ಪ ಹಿಂದೆ, ಅಗಲ ಇಡಿ. ಕೈ ಕುರ್ಚಿ ಮೇಲೇ ಇರ್ಲಿ. ಎದೆ ಎತ್ತಿ ಮುಂದಕ್ಕೆ ಬಂದು, ಹಿಮ್ಮಡಿ ಒತ್ತಿ. ಕಾಲು ನೋಯ್ತದಾ? ನೋವಾದ್ರೆ ಬಿಟ್ಬಿಡಿ.”

ಮೊದಲ ಸಲ ಆಗಲಿಲ್ಲ. ಇನ್ನೊಮ್ಮೆ ಹೊರಟಾಗ ಹೂವಯ್ಯ ರಟ್ಟೆ ಹಿಡಿಯಲು ಓಡಿ ಬಂದರು. “ಮುಟ್ಟಬ್ಯಾಡ!” ಎಂದು ಗದರಿದ ಅಜ್ಜಿ ನಿಧಾನವಾಗಿ, ತಾವಾಗಿಯೇ ಎದ್ದು ನಿಂತರು. ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದರು. ಆಮೇಲೆ ಗೋಡೆ ಹಿಡಿದು ಬಾಗಿಲ ತನಕ ನಡೆದರು.

“ಯಶಸ್ವಿನೀ, ಕಾಫಿ ಅಲ್ಲಿಡು. ಅಕ್ಕಿ ತೊಳಿ. ಗಂಡಿನ ಕಡೇರು ಊಟ ಮಾಡ್ಕಂಡೇ ಹೋಗ್ತಾರೆ.”

“ಅಮ್ಮಾ, ಸಂಬಂಧ ಒಪ್ಪದೆ ಊಟ ಹಾಕೋದುಂಟಾ?” ಎಂದರು ಹೂವಯ್ಯ.

“ಒಪ್ಪಿಯಾಯ್ತಲ್ಲೋ! ಇಷ್ಟು ದಿನ ಬಂದ ಗಂಡುಗಳೆಲ್ಲ ನನ್ನ ಕಾಲು ಮುಟ್ಟಿ ಕಣ್ಣಿಗೆ ಒತ್ಕಂಡು ಹೋದ್ವು. ಆ ಕಾಲು ನೋಯ್ತದಾ ಅಂತ ಒಬ್ಬನಾದ್ರೂ ಕೇಳಿದ್ನಾ? ನೀನು ಕೇಳಿದ್ಯಾ?”